ಅಮ್ಮನ ಕೂಲಿ ಯಾವ ಕಾಲಂಗೆ?

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡ ಮಕ್ಕಳ ಕೈಗೆ ಎರಡು ಹೊಸ ಪುಸ್ತಕಗಳು ಬರುತ್ತವೆ. ಒಂದು ಲೆಕ್ಕಶಾಸ್ತ್ರ, ಇನ್ನೊಂದು ವ್ಯವಹಾರ ಅಧ್ಯಯನ. ಪುಟ ತಿರುಗಿಸಿದರೆ ಬಂಡವಾಳ, ವೆಚ್ಚ, ಸವಕಳಿ, ನಷ್ಟಭಯ ಎಂಬ ಪದಗಳ ಸಾಲು. ‘ನಮ್ಮಪ್ಪ ಬೇಸಾಯಗಾರ. ಅಂಗಡಿ ಇಟ್ಟವರ ಮಕ್ಕಳಿಗಾದರೆ ಇದೆಲ್ಲ ಸುಲಭ, ನಮಗೆಲ್ಲಿ ಅರ್ಥವಾಗಬೇಕು’ ಎಂದು ಹಿಂದಿನ ಬೆಂಚಿಗೆ ಸರಿಯುವ ಮಕ್ಕಳು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ.

ಮಕ್ಕಳೇ, ಅಂಗಡಿಯವನಿಗಿಂತ ಕಷ್ಟದ ವ್ಯಾಪಾರ ನಿಮ್ಮ ಅಪ್ಪ ಅಮ್ಮನದು. ಅಂಗಡಿಯವನು ತಾನು ಕೊಂಡ ಬೆಲೆ ನೋಡಿ ಮಾರುವ ಬೆಲೆ ಬರೆಯುತ್ತಾನೆ. ರೈತ ಮೊದಲು ದುಡ್ಡು ಸುರಿದು, ತಿಂಗಳುಗಟ್ಟಲೆ ಕಾದು, ಕೊನೆಗೆ ಬೇರೆಯವರು ಹೇಳಿದ ಬೆಲೆಗೆ ಮಾರುತ್ತಾನೆ. ಹಾಸನ ಜಿಲ್ಲೆಯ ನಾಲ್ಕು ತಾಲ್ಲೂಕು ಸುತ್ತಿ ಬಂದರೆ ವ್ಯವಹಾರದ ಮೊದಲ ಪಾಠಗಳೆಲ್ಲ ಹೊಲದಲ್ಲೇ, ಅಟ್ಟದಲ್ಲೇ, ಕೊಟ್ಟಿಗೆಯಲ್ಲೇ ಸಿಗುತ್ತವೆ. ಈ ವಾರ ಅಲ್ಲಿಗೇ ಹೋಗೋಣ. ನಡುವೆ ಬರುವ ಲೆಕ್ಕಗಳು ಪಾಠಕ್ಕಾಗಿ ಅಂದುಕೊಂಡವು. ನಿಮ್ಮ ಮನೆಯ ಅಂಕಿ ಹಾಕಿ ನೀವೇ ಮತ್ತೆ ಮಾಡಿ ನೋಡಿ.

ಹಾಸನ: ವೆಚ್ಚ ಒಂದು, ಬೆಲೆ ಇನ್ನೊಂದು

ಬೇಸಿಗೆ ಮುಗಿಯುವ ಹೊತ್ತಿಗೆ ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬರುತ್ತವೆ. ‘ಕುಫ್ರಿ ಜ್ಯೋತಿ’ ಇಲ್ಲಿನವರಿಗೆ ಬಹಳ ಕಾಲದಿಂದ ಪರಿಚಯದ ತಳಿ. ಮುಂಗಾರಿನಲ್ಲಿ ನೆಟ್ಟರೆ ಸುಮಾರು ಮೂರು ತಿಂಗಳಿಗೆ ಗೆಡ್ಡೆ ಕೀಳಬಹುದು.

ಒಂದು ಎಕರೆಗೆ ಬಿತ್ತನೆ, ಗೊಬ್ಬರ, ಔಷಧಿ, ಉಳುಮೆ ಎಲ್ಲ ಸೇರಿ 60,000 ರೂಪಾಯಿ ಕೈಬಿಟ್ಟಿತು ಎಂದುಕೊಳ್ಳಿ. 5,000 ಕಿಲೋ ಬೆಳೆ ಬಂದರೆ ಕಿಲೋಗೆ ಬಿದ್ದ ವೆಚ್ಚ 12 ರೂಪಾಯಿ. 15 ರೂಪಾಯಿಗೆ ಮಾರಿದರೆ 75,000 ಕೈಗೆ ಬರುತ್ತದೆ, 15,000 ಉಳಿಯುತ್ತದೆ. ಮಳೆ ಬಿಡದೆ ಹಿಡಿದು ಅಂಗಮಾರಿ ರೋಗ ಬಂತು, ಬೆಳೆ ಅರ್ಧಕ್ಕಿಳಿಯಿತು ಎನ್ನಿ. ಹಾಕಿದ 60,000 ಅರ್ಧವಾಗುವುದಿಲ್ಲ. ಈಗ ಕಿಲೋಗೆ ಬಿದ್ದ ವೆಚ್ಚ 24 ರೂಪಾಯಿ. ಅದೇ 15 ರೂಪಾಯಿಗೆ ಮಾರಿದರೆ ಬರುವುದು 37,500, ನಷ್ಟ 22,500. ಹಾಕಿದ ದುಡ್ಡು ಸರಿಯಾಗಿ ವಾಪಸ್ ಬರಲು ಎಷ್ಟು ಬೆಳೆ, ಎಷ್ಟು ಬೆಲೆ ಬೇಕು ಎಂಬ ಲೆಕ್ಕಕ್ಕೆ ಪುಸ್ತಕದಲ್ಲಿ ‘ಸಮತೋಲನ ಬಿಂದು’ ಎನ್ನುತ್ತಾರೆ. ಮೇಲಿನ ಎಕರೆಗೆ 15 ರೂಪಾಯಿ ಬೆಲೆಯಲ್ಲಿ ಅದು 4,000 ಕಿಲೋ. ಬಿತ್ತನೆ ಚೀಲ ಕೊಳ್ಳುವ ಮೊದಲೇ ಈ ಅಂಕಿ ಮನೆಯವರಿಗೆಲ್ಲ ಗೊತ್ತಿರಬೇಕು.

‘ನನಗೆ 24 ರೂಪಾಯಿ ಬಿದ್ದಿದೆ, ಅದಕ್ಕಿಂತ ಕಡಿಮೆಗೆ ಹೇಗೆ ಕೊಡಲಿ’ ಎಂದರೆ ಮಾರುಕಟ್ಟೆ ಕೇಳುವುದಿಲ್ಲ. ಊರಿನವರೆಲ್ಲ ಒಂದೇ ಹೊತ್ತಿಗೆ ಕೀಳುತ್ತಾರೆ. ಮಳೆಗಾಲದಲ್ಲಿ ಕಿತ್ತ ಗೆಡ್ಡೆಯನ್ನು ಹೆಚ್ಚು ದಿನ ಇಡಲಾಗುವುದಿಲ್ಲ. ಅದೇ ಸಮಯಕ್ಕೆ ಉತ್ತರ ಭಾರತದ ಶೀತಲಗೃಹಗಳಲ್ಲಿಟ್ಟ ಆಲೂಗಡ್ಡೆಯೂ ಪೇಟೆಗೆ ಬರುತ್ತಿರುತ್ತದೆ. ವೆಚ್ಚ ಹುಟ್ಟುವುದು ನಮ್ಮ ಹೊಲದಲ್ಲಿ, ಬೆಲೆ ಹುಟ್ಟುವುದು ಪೂರೈಕೆ ಮತ್ತು ಬೇಡಿಕೆ ಕೂಡುವ ಕಡೆ. ಇವೆರಡು ಬೇರೆ ಬೇರೆ ಎಂದು ತಿಳಿದವರಿಗೆ ಅರ್ಧ ವ್ಯವಹಾರ ತಿಳಿದಂತೆ.

ಅಂಗಮಾರಿ ನಮ್ಮೂರಿನ ರೋಗ ಮಾತ್ರ ಎಂದುಕೊಳ್ಳಬೇಡಿ. 1845ರಲ್ಲಿ ಇದೇ ರೋಗ ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ನುಗ್ಗಿತು. ಬಡವರೆಲ್ಲ ಒಂದೇ ಬೆಳೆಯನ್ನು, ಹೆಚ್ಚಾಗಿ ಒಂದೇ ತಳಿಯನ್ನು ನಂಬಿದ್ದರು. ಮುಂದಿನ ಕೆಲವು ವರ್ಷಗಳ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು. ಇದ್ದುದೆಲ್ಲವನ್ನೂ ಒಂದೇ ಕಡೆ ಹಾಕುವುದರ ಅಪಾಯ ಎಂಥದ್ದೆಂದು ಹೇಳಲು ವ್ಯವಹಾರದ ಮೇಷ್ಟ್ರುಗಳು ಇವತ್ತಿಗೂ ಈ ಕಥೆ ಹೇಳುತ್ತಾರೆ. ನಮ್ಮ ಹಿರಿಯರು ಅಕ್ಕಡಿ ಸಾಲು ಹಾಕುತ್ತಿದ್ದುದರ ಹಿಂದೆ ಇದ್ದುದೂ ಇದೇ ಬುದ್ಧಿ.

ಚನ್ನರಾಯಪಟ್ಟಣ: ಕಾಯುವುದಕ್ಕೂ ಬೆಲೆಯಿದೆ

ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ಅಟ್ಟಕ್ಕೆ ಏರಿದರೆ ಇಳಿಯಲು ವರ್ಷ ಹತ್ತಿರವಾಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎಂದಾಗ ಉಂಡೆ ಕೊಬ್ಬರಿ ಸಿದ್ಧ. ಅಟ್ಟದಲ್ಲಿರುವ ಕಾಯಿಗೆ ಲೆಕ್ಕಶಾಸ್ತ್ರದಲ್ಲಿ ‘ದಾಸ್ತಾನು’ ಎಂದು ಹೆಸರು. ಅದು ದುಡ್ಡೇ, ಆದರೆ ಖರ್ಚು ಮಾಡಲಾಗದ ದುಡ್ಡು.

10,000 ಕಾಯಿ ಇದೆ ಎನ್ನಿ. ಈಗಲೇ 12 ರೂಪಾಯಿಯಂತೆ ಮಾರಿದರೆ 1,20,000. ಒಂದು ವರ್ಷ ಕಾದರೆ ಸುಮಾರು 12 ಕ್ವಿಂಟಲ್ ಕೊಬ್ಬರಿ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಅದನ್ನೇ ಹಿಡಿದರೆ 1,44,000. ಸುಲಿಸುವ, ಒಡೆಸುವ ಕೂಲಿ 10,000 ಕಳೆದರೆ 1,34,000. ಕಾದಿದ್ದಕ್ಕೆ 14,000 ಹೆಚ್ಚು ಸಿಕ್ಕಿತು. ಮೇಲ್ನೋಟಕ್ಕೆ ಜಾಣತನ.

ಆದರೆ ಆ ವರ್ಷ ಮಗಳ ಕಾಲೇಜು ಫೀಸಿಗೋ ಬೋರ್‌ವೆಲ್ ಮೋಟಾರ್ ರಿಪೇರಿಗೋ 60,000 ಕೈಸಾಲ ತಂದಿದ್ದರೆ? ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ 1,200, ವರ್ಷಕ್ಕೆ 14,400. ಅಟ್ಟದ ಮೇಲೆ ಗಳಿಸಿದ್ದು ಅಟ್ಟದ ಕೆಳಗೆ ಹೋಯಿತು, ಮೇಲೆ 400 ಕೈಯಿಂದ. ಅಂಥ ಮನೆಯವರು ಅರ್ಧ ಕಾಯಿಯನ್ನು ಈಗಲೇ ಮಾರಿ ಸಾಲ ತಪ್ಪಿಸಿಕೊಂಡಿದ್ದರೆ ಒಳ್ಳೆಯದಿತ್ತು. ಸಾಲವಿಲ್ಲದ ಮನೆಯವರು ಕಾಯುವುದು ಸರಿ. ಒಂದೇ ಕಾಯಿ, ಒಂದೇ ಬೆಲೆ, ಆದರೂ ಎರಡು ಮನೆಗೆ ಎರಡು ಉತ್ತರ. ದಿನನಿತ್ಯದ ಓಡಾಟಕ್ಕೆ ಬೇಕಾದ ‘ದುಡಿಯುವ ಬಂಡವಾಳ’ ಯಾರ ಕೈಯಲ್ಲಿದೆ ಎಂಬುದೇ ಆ ವ್ಯತ್ಯಾಸ. ಪಕ್ಕದ ಮನೆಯವರು ಕಾದರು ಎಂದು ನಾವೂ ಕಾಯುವುದು ವ್ಯವಹಾರವಲ್ಲ.

ಅರಕಲಗೂಡು: ಕಟ್ಟಿದ ಮೇಲೆ ಬಿಡಲಾಗದ ಗೋಡೆ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಹೊಗೆಸೊಪ್ಪು ಬೆಳೆಯುವವರಿಗೆ ಬ್ಯಾರನ್ ಬೇಕು. ಹಸಿ ಎಲೆಯನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಆ ಎತ್ತರದ ಮನೆಯನ್ನು ಆ ಕಡೆಯ ಊರುಗಳಲ್ಲಿ ನೀವು ನೋಡಿರುತ್ತೀರಿ. ಎಲೆ ಹೆಚ್ಚಾದರೆ ಸೌದೆ, ಕೂಲಿ ಹೆಚ್ಚು; ಎಲೆ ಕಡಿಮೆಯಾದರೆ ಅವೂ ಕಡಿಮೆ. ಇವು ‘ಬದಲಾಗುವ ವೆಚ್ಚ’. ಬ್ಯಾರನ್ ಕಟ್ಟಿದ ಖರ್ಚು ಮಾತ್ರ ಒಂದು ಎಲೆ ಬೇಯಿಸಿದರೂ ಸಾವಿರ ಎಲೆ ಬೇಯಿಸಿದರೂ ಅಷ್ಟೇ. ಅದು ‘ಸ್ಥಿರ ವೆಚ್ಚ’.

ಸ್ಥಿರ ವೆಚ್ಚಕ್ಕೆ ಒಂದು ಗುಣವಿದೆ, ಅದು ಮನುಷ್ಯನನ್ನು ಕಟ್ಟಿಹಾಕುತ್ತದೆ. ‘ಇಷ್ಟು ಖರ್ಚು ಮಾಡಿ ಕಟ್ಟಿದ್ದೇವೆ, ಈಗ ಬಿಡುವುದು ಹೇಗೆ’ ಎಂದು ಬೆಲೆ ಬಿದ್ದ ವರ್ಷವೂ ಬೆಳೆಯುತ್ತಾರೆ. ಹೋದ ದುಡ್ಡು ಹೋಯಿತು. ಈ ವರ್ಷ ಬೆಳೆಯಬೇಕೇ ಎಂಬುದನ್ನು ಈ ವರ್ಷ ಹಾಕಬೇಕಾದ ದುಡ್ಡು ಮತ್ತು ಬರಬಹುದಾದ ದುಡ್ಡು ನೋಡಿ ತೀರ್ಮಾನಿಸಬೇಕು. ಹೇಳಲು ಸುಲಭ, ಮನಸ್ಸಿಗೆ ಒಪ್ಪಿಸಲು ಕಷ್ಟ. ದೊಡ್ಡ ದೊಡ್ಡ ಕಂಪನಿಗಳೂ ಇಲ್ಲೇ ಎಡವುತ್ತವೆ.

ಇನ್ನೊಂದು ಮಾತು. ಹರಾಜಿನಲ್ಲಿ ಮಾರುವವರು ಸಾವಿರಾರು, ಕೊಳ್ಳುವವರು ಸಿಗರೇಟ್ ಕಂಪನಿಗಳು, ರಫ್ತುದಾರರು, ಬೆರಳೆಣಿಕೆಯಷ್ಟು ಜನ. ಕೊಳ್ಳುವವರು ಕಡಿಮೆಯಿದ್ದಷ್ಟೂ ಮಾರುವವನ ಮಾತಿಗೆ ತೂಕ ಕಡಿಮೆ. ತಂಬಾಕು ಜೀವ ತೆಗೆಯುತ್ತದೆ ಎಂಬುದೂ ಗುಟ್ಟಲ್ಲ. ಅದರ ಬಳಕೆ ಇಳಿಸುವ ಜಾಗತಿಕ ಒಪ್ಪಂದ 2005ರಲ್ಲಿ ಜಾರಿಗೆ ಬಂತು, ಭಾರತವೂ ಅದರಲ್ಲಿದೆ. ಹದಿನಾರು ವರ್ಷದ ಮಗನಿರುವ ಮನೆ ‘ಮುಂದಿನ ಇಪ್ಪತ್ತು ವರ್ಷವೂ ಇದನ್ನೇ ಕೇಳುವವರು ಇರುತ್ತಾರೆಯೇ’ ಎಂದು ಯೋಚಿಸಲೇಬೇಕು. ಹೊರಗಿನ ಲೋಕದ ಈ ಬದಲಾವಣೆಗೆ ಪುಸ್ತಕದಲ್ಲಿ ‘ವ್ಯವಹಾರ ಪರಿಸರ’ ಎಂಬ ಪಾಠವೇ ಇದೆ.

ಹೊಳೆನರಸೀಪುರ: ಕೈಗೆ ಬಂದದ್ದೆಲ್ಲ ಲಾಭವಲ್ಲ

ಹೇಮಾವತಿ ದಂಡೆಯ ಹೊಳೆನರಸೀಪುರದ ಸುತ್ತಿನ ಊರುಗಳಲ್ಲಿ ಬೆಳಗ್ಗೆ, ಸಂಜೆ ಡೇರಿ ಮುಂದೆ ಕ್ಯಾನಿನ ಸದ್ದು. ಹಾಲಿನ ಜಿಡ್ಡು, ಜಿಡ್ಡೇತರ ಘನಾಂಶ ನೋಡಿ ದರ ಕಟ್ಟುತ್ತಾರೆ. ಒಳ್ಳೆಯ ಮಾಲಿಗೆ ಒಳ್ಳೆಯ ಬೆಲೆ ಎಂಬ ಗುಣಮಟ್ಟದ ಪಾಠ ಇದೇ. ಡೇರಿಯ ಒಡೆಯರು ಹಾಲು ಹಾಕುವ ಸದಸ್ಯರೇ. ನಾಲ್ಕು ಹಸು ಇದ್ದವರಿಗೂ ಒಂದು ಹಸು ಇದ್ದವರಿಗೂ ಒಂದೇ ಓಟು. ಖಾಸಗಿ ಕಂಪನಿಯಲ್ಲಿ ಹೆಚ್ಚು ಷೇರಿದ್ದವರ ಮಾತು ನಡೆಯುತ್ತದೆ, ಸಹಕಾರ ಸಂಘದಲ್ಲಿ ತಲೆ ಎಣಿಕೆ. ಊರ ಡೇರಿಗಳ ಮೇಲೆ ಹಾಸನ ಹಾಲು ಒಕ್ಕೂಟ, ಅದರ ಮೇಲೆ 1974ರಲ್ಲಿ ಹುಟ್ಟಿ ಮುಂದೆ ‘ನಂದಿನಿ’ಯನ್ನು ಮನೆಮಾತಾಗಿಸಿದ ಕರ್ನಾಟಕದ ಹಾಲು ಮಹಾಮಂಡಳಿ. ಒಂದೊಂದು ಚೊಂಬು ಹಾಲು ಸೇರಿ ಇಷ್ಟು ದೊಡ್ಡ ವ್ಯವಹಾರವಾಗಿದೆ.

ಆಲೂಗಡ್ಡೆ, ಕೊಬ್ಬರಿಯಂತೆ ಇಲ್ಲಿ ಕಾಯಬೇಕಿಲ್ಲ, ಬಟವಾಡೆ ಆಗಾಗ ಬರುತ್ತದೆ. ಮನೆ ನಡೆಯುವುದು ಈ ‘ನಗದು ಹರಿವಿನಿಂದ’. ಆದರೆ ಹರಿದು ಬಂದದ್ದನ್ನೆಲ್ಲ ಲಾಭ ಎಂದುಕೊಂಡರೆ ಮೋಸ ಹೋಗುತ್ತೇವೆ.

ಒಂದು ಹಸುವಿನಿಂದ ತಿಂಗಳಿಗೆ 10,000 ಬಂತು. ಹಿಂಡಿ, ಬೂಸಾ, ಮೇವಿಗೆ 6,000 ಹೋಯಿತು. 4,000 ಉಳಿಯಿತು ಎನ್ನಿ. ಹತ್ತು ತಿಂಗಳು ಕರೆದರೆ 40,000. ಹಾಲು ಬತ್ತಿದ ಎರಡು ತಿಂಗಳೂ ಹಸುವಿಗೆ ಹೊಟ್ಟೆಯಿದೆ. ತಿಂಗಳಿಗೆ 3,000ದಂತೆ 6,000 ಕಳೆಯಿರಿ, 34,000. 70,000 ಕೊಟ್ಟು ತಂದ ಹಸು ಐದು ವರ್ಷದ ಮೇಲೆ 20,000 ಬೆಲೆ ಬಾಳುವುದಾದರೆ ವರ್ಷಕ್ಕೆ 10,000 ಸವೆಯಿತು. ಇದೇ ಆ ಕಷ್ಟದ ಪದ, ‘ಸವಕಳಿ’. ಅದನ್ನೂ ಕಳೆದರೆ 24,000. ತಿಂಗಳಿಗೆ ನಾಲ್ಕು ಸಾವಿರ ಎಂದುಕೊಂಡದ್ದು ಎರಡೇ ಸಾವಿರ. ದಿನಕ್ಕೆ ಸುಮಾರು 66 ರೂಪಾಯಿ.

ಬರೆಯದೇ ಉಳಿದ ಸಾಲು

ಆ 66 ರೂಪಾಯಿಯೂ ಲಾಭವೇ? ಬೆಳಗಿನ ಜಾವ ಎದ್ದು ಸಗಣಿ ಬಾಚಿದ್ದು, ಹುಲ್ಲು ಕೊಯ್ದು ಹೊತ್ತದ್ದು, ಹಾಲು ಕರೆದದ್ದು ಯಾರು? ಹೆಚ್ಚಿನ ಮನೆಗಳಲ್ಲಿ ಅಮ್ಮ, ಇಲ್ಲವೇ ಅಜ್ಜಿ. ಅವರ ಕೂಲಿ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಹಾಸನದ ಆ ಎಕರೆಗೆ ಮತ್ತೆ ಹೋಗೋಣ. ಒಳ್ಳೆಯ ವರ್ಷದಲ್ಲಿ 15,000 ಲಾಭ ಬಂದಿತ್ತಲ್ಲ, ಅದರಲ್ಲಿ ಅಪ್ಪ ಅಮ್ಮ ಇಬ್ಬರೂ ಸೇರಿ 40 ಆಳು ಕೆಲಸ ಮಾಡಿದ್ದರೆ, ಆಳಿಗೆ 400ರಂತೆ 16,000. ಲಾಭ ಎಂದು ಹಿಗ್ಗಿದ ಬೆಳೆ ನಿಜದಲ್ಲಿ 1,000 ನಷ್ಟದ್ದು. ಅವರು ತಮ್ಮ ಕೂಲಿಯಲ್ಲೇ ಸ್ವಲ್ಪ ಬಿಟ್ಟುಕೊಟ್ಟು ಊರಿಗೆ ಆಲೂಗಡ್ಡೆ ತಿನ್ನಿಸಿದಂತಾಯಿತು. ಅದೇ ದಿನಗಳಲ್ಲಿ ಬೇರೆ ಕಡೆ ದುಡಿದಿದ್ದರೆ ಏನು ಸಿಗುತ್ತಿತ್ತೋ ಅದನ್ನು ಪುಸ್ತಕ ‘ಅವಕಾಶ ವೆಚ್ಚ’ ಎನ್ನುತ್ತದೆ.

ಹಾಗೆಂದು ಬೇಸಾಯ ಬಿಡಿ ಎಂದು ಈ ಅಂಕಣ ಹೇಳುತ್ತಿಲ್ಲ. ಸ್ವಂತ ನೆಲ, ಮನೆಗೆ ಬೇಕಾದ ಕಾಳು, ಕೊಟ್ಟಿಗೆ ಗೊಬ್ಬರ, ಊರಿನಲ್ಲಿ ತಲೆಯೆತ್ತಿ ಬಾಳುವುದು, ಇವಕ್ಕೂ ಬೆಲೆಯಿದೆ. ಆದರೆ ಬಿಟ್ಟುಕೊಡುತ್ತಿರುವುದು ಎಷ್ಟು ಎಂದು ತಿಳಿದು ಬಿಟ್ಟುಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ. ‘ಈ ಸಲ ಕೈ ಸುಟ್ಟಿತು, ಮಗಳ ಕಾಲೇಜು ಬಿಡಿಸೋಣ’ ಎಂಬ ಮಾತು ಬರುವುದು ಲೆಕ್ಕ ಬರೆಯದ ಮನೆಯಲ್ಲಿ ಇದ್ದಕ್ಕಿದ್ದಂತೆ. ಬರೆದ ಮನೆಯಲ್ಲಿ ಅದು ಎರಡು ವರ್ಷ ಮೊದಲೇ ಕಾಣುತ್ತದೆ, ದಾರಿ ಹುಡುಕಲು ಸಮಯ ಸಿಗುತ್ತದೆ.

ಈ ವಾರದ ಕೆಲಸ

ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟಕ್ಕೆ ಐದು ಕಾಲಂ ಹಾಕಿ: ತಾರೀಖು, ಬಂದದ್ದು, ಹೋದದ್ದು, ಸಾಲ ಮತ್ತು ಬಡ್ಡಿ, ಮನೆಯವರ ದುಡಿಮೆ. ಕೊನೆಯ ಕಾಲಂನಲ್ಲಿ ಯಾರು, ಎಷ್ಟು ಗಂಟೆ ಎಂದು ಬರೆಯಿರಿ. ರಾತ್ರಿ ಊಟವಾದ ಮೇಲೆ ಐದು ನಿಮಿಷ ಸಾಕು. ‘ಇವತ್ತು ಏನೇನು ಕೆಲಸ ಮಾಡಿದೆ’ ಎಂದು ಅಮ್ಮನನ್ನು ಕೇಳಿದರೆ ‘ಏನೂ ಇಲ್ಲ ಕಣೋ’ ಎನ್ನಬಹುದು. ಬಿಡಬೇಡಿ, ಬೆಳಗಿನಿಂದ ಒಂದೊಂದಾಗಿ ಕೇಳಿ ಬರೆದುಕೊಳ್ಳಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಸಾಲದ ವಿಷಯ ಮಕ್ಕಳ ಕಿವಿಗೆ ಬೀಳಬಾರದು ಎಂದು ಮುಚ್ಚಿಡುತ್ತೀರಿ, ಪ್ರೀತಿಯಿಂದಲೇ. ಆದರೆ ಹದಿನಾರು ವರ್ಷದ ಮಗುವಿಗೆ ಅದು ಮುಖ ನೋಡಿದರೇ ಗೊತ್ತಾಗುತ್ತದೆ, ಅಂಕಿ ಮಾತ್ರ ಗೊತ್ತಿರುವುದಿಲ್ಲ. ಅಂಕಿ ಕೊಟ್ಟುನೋಡಿ. ಮುಂದಿನ ಬೇಸಿಗೆಯಲ್ಲಿ ಬಿತ್ತನೆ ಚೀಲಕ್ಕೆ ದುಡ್ಡು ಹೊಂದಿಸುವ ಮೊದಲು ಆ ನೋಟ್‌ಬುಕ್ಕನ್ನು ನಡುಮನೆಯಲ್ಲಿಟ್ಟುಕೊಂಡು ಎಲ್ಲರೂ ಕುಳಿತುಕೊಳ್ಳಿ. ಎಷ್ಟು ಎಕರೆ ಎಂಬ ಮಾತು ಆಮೇಲೆ ಆಡಿದರಾಯಿತು.