ಹಳೆಯ ಫ್ರೀಜರ್‌ಗಳ ಶೀತಕ ಬದಲಾವಣೆ: ಹೂಡಿ ಭಾಗದ ಅಂಗಡಿ ಮಾಲೀಕರು ತಿಳಿದಿರಬೇಕಾದ ಅಂಶಗಳು

ಹೂಡಿ, ಸೀತಾರಾಮಪಾಳ್ಯ ಹಾಗೂ ವೈಟ್‌ಫೀಲ್ಡ್ ಸುತ್ತಮುತ್ತಲಿನ ಬೇಕರಿಗಳು, ಮಾಂಸದ ಅಂಗಡಿಗಳು ಮತ್ತು ಪಿ.ಜಿ. ಅಡುಗೆಮನೆಗಳು ಡೀಪ್ ಫ್ರೀಜರ್‌ಗಳನ್ನು ಅವಲಂಬಿಸಿವೆ. ಬಂಡವಾಳ ಕಡಿಮೆಯಿರುವವರು ಹಳೆಯ ಯಂತ್ರವನ್ನೇ ಕೊಂಡು ನಡೆಸುವುದುಂಟು. ಅಂತಹ ಯಂತ್ರವು ತಣ್ಣಗಾಗದಿದ್ದಾಗ, ಹಳೆಯ ಗ್ಯಾಸ್ ಈಗ ಸಿಗುವುದಿಲ್ಲ, ಬೇರೆ ಗ್ಯಾಸ್ ತುಂಬಿದರೆ ಸಾಕು ಎಂಬ ಸಲಹೆ ದೊರೆಯುತ್ತದೆ. ಸದರಿ ಸಲಹೆಯ ಮೊದಲ ಭಾಗದಲ್ಲಿ ಸತ್ಯಾಂಶವಿದೆ. ಎರಡನೆಯ ಭಾಗವನ್ನು ಯಥಾವತ್ತಾಗಿ ಒಪ್ಪಲು ಬರುವುದಿಲ್ಲ.

ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಏರ್ಪಟ್ಟ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 1992ರಲ್ಲಿ ಸೇರ್ಪಡೆಯಾಯಿತು. ತರುವಾಯ ಓಜೋನ್ ನಾಶಕ ವಸ್ತುಗಳ ನಿಯಂತ್ರಣಕ್ಕೆ 2000ನೇ ಇಸವಿಯಲ್ಲಿ ನಿಯಮಗಳನ್ನು ಹೊರಡಿಸಲಾಯಿತು. ಹಳೆಯ ಫ್ರೀಜರ್‌ಗಳಲ್ಲಿದ್ದ ಆರ್-12 ಶೀತಕದ ಬಳಕೆಯು, ಉಬ್ಬಸದ ರೋಗಿಗಳ ಇನ್‌ಹೇಲರ್‌ಗಳಿಗೆ ನೀಡಿದ ವಿನಾಯಿತಿಯ ಹೊರತು, 2010ರ ಆರಂಭದ ವೇಳೆಗೆ ಕೊನೆಗೊಂಡಿತು. ಶೀತಲ ಕೋಠಿಗಳಲ್ಲಿ ಹೆಚ್ಚಾಗಿ ಕಂಡುಬರುವ ಆರ್-22ರ ಸರದಿ ಈಗ ಬಂದಿದೆ. ಈ ವರ್ಗದ ಶೀತಕಗಳ ಬಳಕೆಯನ್ನು 2025ಕ್ಕೆ ಮೂಲ ಪ್ರಮಾಣದಿಂದ ಶೇ. 67.5ರಷ್ಟು ತಗ್ಗಿಸಬೇಕಾಗಿತ್ತು. 2030ರ ನಂತರ ದುರಸ್ತಿಗಾಗಿ ಅಲ್ಪ ಪ್ರಮಾಣ ಮಾತ್ರ ಉಳಿಯಲಿದೆ. ಈ ಮಿತಿಗಳು ಶೀತಕದ ಉತ್ಪಾದನೆ ಹಾಗೂ ಪೂರೈಕೆಗೆ ಸಂಬಂಧಿಸಿದವುಗಳಾಗಿದ್ದು, ಅಂಗಡಿಯಲ್ಲಿ ಸುಸ್ಥಿತಿಯಲ್ಲಿ ನಡೆಯುತ್ತಿರುವ ಯಂತ್ರವನ್ನು ನಿಲ್ಲಿಸುವಂತೆ ಸೂಚಿಸುವುದಿಲ್ಲ. ಸೋರಿಕೆಯಿಲ್ಲದ ಫ್ರೀಜರನ್ನು ಕೇವಲ ಭೀತಿಯಿಂದ ಬಿಚ್ಚಿಸುವ ಅಗತ್ಯವಿರುವುದಿಲ್ಲ.

ಆರ್-12ಕ್ಕೆ ಬದಲಿಯಾಗಿ ಬಂದ ಆರ್-134ಎ ಓಜೋನ್‌ಗೆ ಹಾನಿ ಮಾಡದು. ಆದರೆ ಒಂದು ಕಿಲೋ ಆರ್-134ಎ ಸೋರಿದಲ್ಲಿ, ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ತಾಪವನ್ನುಂಟುಮಾಡುತ್ತದೆ. ಆರ್-404ಎಗೆ ಈ ಸಂಖ್ಯೆ 3,900ನ್ನು ಮೀರುತ್ತದೆ. ಈ ಕಾರಣದಿಂದ 2016ರ ಕಿಗಾಲಿ ತಿದ್ದುಪಡಿಯು ಇವುಗಳನ್ನೂ ನಿಯಂತ್ರಣಕ್ಕೆ ಒಳಪಡಿಸಿತು. ಭಾರತವು 2021ರಲ್ಲಿ ಇದನ್ನು ಅನುಮೋದಿಸಿದ್ದು, 2028ರಲ್ಲಿ ಪ್ರಮಾಣವನ್ನು ಸ್ಥಗಿತಗೊಳಿಸಿ 2032ರಿಂದ ಹಂತಹಂತವಾಗಿ ಇಳಿಸಬೇಕಾಗಿದೆ. ಹಾಗಾಗಿ ಇಂದು ಹಣ ತೆತ್ತು ಆರ್-134ಎಗೆ ಮಾರ್ಪಡಿಸಿದವರು ನಾಳೆ ಮತ್ತೊಂದು ನಿಯಂತ್ರಿತ ಶೀತಕವನ್ನೇ ಅವಲಂಬಿಸಿದಂತಾಗುತ್ತದೆ.

ಮಾರ್ಪಾಡಿನ ಕೆಲಸವೂ ಸರಳವಲ್ಲ. ಆರ್-12 ಕಂಪ್ರೆಸರ್‌ನಲ್ಲಿರುವ ಖನಿಜ ತೈಲವು ಆರ್-134ಎಯೊಂದಿಗೆ ಬೆರೆಯುವುದಿಲ್ಲ. ಬೆರೆಯದ ತೈಲವು ಕೊಳವೆಗಳಲ್ಲಿ ನಿಂತು ಕಂಪ್ರೆಸರ್‌ಗೆ ಹಿಂದಿರುಗದೆ, ಅದು ಸವೆದುಹೋಗುತ್ತದೆ. ಆದ್ದರಿಂದ ತೈಲವನ್ನು ಬಸಿದು ಪಾಲಿಯೋಲ್ ಎಸ್ಟರ್ ತೈಲವನ್ನು ತುಂಬಬೇಕು. ಹಳೆಯ ತೈಲದ ಶೇಷ ಶೇ. 5ಕ್ಕಿಂತ ಹೆಚ್ಚಿರಬಾರದು ಎಂಬುದು ರೂಢಿಯಲ್ಲಿರುವ ಮಿತಿ. ಫಿಲ್ಟರ್ ಡ್ರೈಯರ್ ಬದಲಿಸಿ, ನೈಟ್ರೋಜನ್ ಒತ್ತಡದಲ್ಲಿ ಸೋರಿಕೆ ಪರೀಕ್ಷಿಸಿ, ವ್ಯಾಕ್ಯೂಮ್ ಪಂಪ್‌ನಿಂದ ತೇವಾಂಶವನ್ನು ತೆಗೆಯಬೇಕು. ಮುಚ್ಚಿದ ಕಂಪ್ರೆಸರ್‌ನಲ್ಲಿ ಇದಿಷ್ಟನ್ನೂ ಮಾಡುವ ವೆಚ್ಚ ಎಷ್ಟೋ ಬಾರಿ ಯಂತ್ರದ ಬೆಲೆಯನ್ನೇ ಸಮೀಪಿಸುತ್ತದೆ. ಆರ್-404ಎ ಒತ್ತಡವು ಇನ್ನೂ ಅಧಿಕವಾಗಿರುವುದರಿಂದ ಆರ್-12 ಯಂತ್ರಕ್ಕೆ ಅದನ್ನು ತುಂಬತಕ್ಕದ್ದಲ್ಲ.

ಪ್ರೊಪೇನ್ ಮತ್ತು ಐಸೋಬ್ಯುಟೇನ್ ಮಿಶ್ರಣವು ಖನಿಜ ತೈಲದೊಂದಿಗೆ ಹೊಂದಿಕೊಳ್ಳುತ್ತದೆ. ಆರ್-12ರ ತೂಕದ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತದೆ. ತಾಪದ ಪರಿಣಾಮವೂ ನಗಣ್ಯ. ಇವುಗಳನ್ನು ನೋಡಿದರೆ ಇದೇ ಸೂಕ್ತವೆನಿಸುವುದು ಸಹಜ. ಆದರೆ ಇದು ಉರಿಯುವ ಅನಿಲ. ಗಾಳಿಯಲ್ಲಿ ಶೇ. 2ರಷ್ಟು ಸೇರಿದರೆ ಕಿಡಿಯಿಂದ ಹೊತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾಗಿರುವುದರಿಂದ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ರಾತ್ರಿ ಶಟರ್ ಎಳೆದ ಕಿರಿದಾದ ಅಂಗಡಿಯಲ್ಲಿ ಸೋರಿಕೆಯಾದರೆ, ಫ್ರೀಜರ್‌ನ ಥರ್ಮೋಸ್ಟಾಟ್ ಅಥವಾ ರಿಲೇಯ ಕಿಡಿಯೇ ಅನಾಹುತಕ್ಕೆ ಸಾಕು. ಇದಕ್ಕೆಂದೇ ತಯಾರಾದ ಯಂತ್ರಗಳಲ್ಲಿ ಕಿಡಿ ಹೊರಬಾರದ ಬಿಡಿಭಾಗಗಳಿರುತ್ತವೆ. ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಅಡುಗೆ ಅನಿಲವನ್ನು ಶೀತಕವಾಗಿ ತುಂಬಿಸುವುದಂತೂ ಯಾವ ಕಾರಣಕ್ಕೂ ಸಲ್ಲದು. ಅದರಲ್ಲಿ ವಾಸನೆಗಾಗಿ ಬೆರೆಸಿದ ವಸ್ತುವೂ ತೇವಾಂಶವೂ ಇರಬಹುದಾಗಿದ್ದು, ಅನಿಲಗಳ ಪ್ರಮಾಣವೂ ಒಂದೇ ಸಮನಾಗಿರುವುದಿಲ್ಲ.

ಮಾಲೀಕರು ಮೊದಲು ಯಂತ್ರದ ಹಿಂಬದಿಯ ಫಲಕದಲ್ಲಿ ನಮೂದಾಗಿರುವ ಶೀತಕದ ಹೆಸರು ಹಾಗೂ ತೂಕವನ್ನು ಗುರುತಿಸಿಕೊಳ್ಳುವುದು ಸೂಕ್ತ. ಅನಿಲ ತಾನಾಗಿ ಕಡಿಮೆಯಾಗುವುದಿಲ್ಲ. ಕಡಿಮೆಯಾಗಿದ್ದರೆ ಸೋರಿಕೆಯಿದೆ ಎಂದರ್ಥ. ಆದುದರಿಂದ ಸೋರಿಕೆ ಮುಚ್ಚದೆ ಗ್ಯಾಸ್ ತುಂಬಲು ಬಂದವರಿಗೆ ಕೆಲಸ ವಹಿಸಬಾರದು. ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರ್‌ಗೆ ಹಿಂಪಡೆಯುವ ಉಪಕರಣ ಅವರಲ್ಲಿದೆಯೇ ಎಂದು ವಿಚಾರಿಸತಕ್ಕದ್ದು. ಮಾರ್ಪಾಡಾದ ಯಂತ್ರದ ಮೇಲೆ ಹೊಸ ಶೀತಕದ ಹೆಸರು, ತೂಕ ಹಾಗೂ ದಿನಾಂಕದ ಚೀಟಿಯನ್ನು ಅಂಟಿಸಬೇಕು. ಚೀಟಿಯಿಲ್ಲದಿದ್ದರೆ ಮುಂದಿನ ಮೆಕ್ಯಾನಿಕ್ ಉರಿಯುವ ಅನಿಲವಿರುವುದನ್ನು ಅರಿಯದೆ ಬೆಸುಗೆ ದೀಪ ಹಚ್ಚುವ ಅಪಾಯವಿರುತ್ತದೆ. ದುರಸ್ತಿಗೆ ಮೀರಿದ ಯಂತ್ರವನ್ನು ಗುಜರಿಗೆ ಹಾಕಿದರೆ ಕೊಳವೆ ಕತ್ತರಿಸಿದ ಕ್ಷಣವೇ ಉಳಿದ ಅನಿಲವೆಲ್ಲ ಗಾಳಿಗೆ ಸೇರುತ್ತದೆ. ರೆಫ್ರಿಜರೇಟರ್‌ಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಯಲ್ಲಿರುವುದರಿಂದ, ಹಳೆಯ ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ ರಸೀದಿ ಪಡೆದುಕೊಳ್ಳಲು ಕೋರಲಾಗಿದೆ.