ಹೆಸರಿಲ್ಲದ ಡಬ್ಬಿಗಳು

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಿತ್ತೂರು ಚೆನ್ನಮ್ಮನ ಕುರಿತು ಕಂಪ್ಯೂಟರಿನಲ್ಲಿ ಜಾಲಪುಟವೊಂದನ್ನು ಸಿದ್ಧಪಡಿಸಿ ತಂದ. 1824ರ ಯುದ್ಧ, 1829ರಲ್ಲಿ ನಮ್ಮ ಬೈಲಹೊಂಗಲದಲ್ಲೇ ಆದ ಮರಣ, ಸಂಗೊಳ್ಳಿ ರಾಯಣ್ಣ, ಹೀಗೆ ಹನ್ನೆರಡು ಶೀರ್ಷಿಕೆಗಳು, ಎಲ್ಲವೂ ಕೆಂಪು. ಅವನ್ನು ಹಸಿರು ಮಾಡಹೊರಟರೆ ಹನ್ನೊಂದು ಬದಲಾದವು, ರಾಯಣ್ಣನದು ಕೆಂಪಾಗಿಯೇ ಉಳಿಯಿತು. ಅರ್ಧ ತಾಸು ಹುಡುಕಿದರೂ ಕಾರಣ ಸಿಗಲಿಲ್ಲ.

ಪುಟದ ಹಿಂದಿನ ಎಚ್‌ಟಿಎಂಎಲ್ ಬರವಣಿಗೆ ನೋಡಿದೆ. ಎಲ್ಲೆಲ್ಲೂ 'ಡಿವ್', ಡಿವ್‌ನೊಳಗೆ ಮತ್ತೆ ಡಿವ್. ಡಿವ್ ಎಂದರೆ ಹೆಸರು ಬರೆಯದ ಡಬ್ಬಿ. ಉಪ್ಪು ಯಾವುದು, ಸಕ್ಕರೆ ಯಾವುದು ತಿಳಿಯದು. ಬಣ್ಣವನ್ನಂತೂ ಹನ್ನೆರಡು ಕಡೆ ಬೇರೆ ಬೇರೆಯಾಗಿ ಬರೆದಿದ್ದ.

"ಪುಟ ಛಲೋ ಕಾಣತೈತಲ್ರಿ ಸರ, ಒಳಗ ಯಾರ ನೋಡತಾರ್ರಿ?" ಎಂದ.

ನೋಡುವವರಿದ್ದಾರೆ. ಅಂಧರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಒಳಗಿನ ಗುರುತುಗಳೇ ಆಧಾರ. ಶೀರ್ಷಿಕೆಗೆ 'ಎಚ್2' ಎಂಬ ಗುರುತಿದ್ದರೆ ಕೇಳುವವರು ಒಂದರಿಂದ ಇನ್ನೊಂದಕ್ಕೆ ಜಿಗಿಯಬಹುದು. ಅಕ್ಷರ ದಪ್ಪಗಿರುವ ಬರೀ ಡಿವ್ ಆದರೆ ಅದಕ್ಕೆ ಅದು ಶೀರ್ಷಿಕೆಯೆಂದೇ ಗೊತ್ತಾಗದು. ಪುಟದ ಭಾಷೆ 'ಕೆಎನ್' ಎಂದು ಮೊದಲೇ ಬರೆದಿಟ್ಟರೆ ಕನ್ನಡದ ಧ್ವನಿ ಆರಿಸಿಕೊಳ್ಳಲೂ ಅನುಕೂಲ.

ಇಬ್ಬರೂ ಕುಳಿತು ತಿದ್ದಿದೆವು. 2014ರಲ್ಲಿ ಅಂಗೀಕೃತವಾದ ಎಚ್‌ಟಿಎಂಎಲ್5ರಲ್ಲಿ 'ಹೆಡರ್', 'ನ್ಯಾವ್', 'ಮೇನ್' ಎಂಬ ಅರ್ಥವುಳ್ಳ ಗುರುತುಗಳಿವೆ. ಡಿವ್‌ಗಳ ಜಾಗದಲ್ಲಿ ಅವು ಬಂದವು. ಬಣ್ಣ ಸಿಎಸ್‌ಎಸ್‌ನ ಒಂದೇ ಸಾಲಿಗೆ ಇಳಿಯಿತು. (ಸಿಎಸ್‌ಎಸ್ 1996ರಿಂದಲೂ ಇದೆ, ಬಳಸಲು ನಮಗೇ ಸೋಮಾರಿತನ.) ಒಂದೊಂದು ತಿದ್ದುಪಡಿಯಾದ ಮೇಲೂ ಪುಟ ತೆರೆದು ನೋಡಬೇಕು, ಹೊರರೂಪ ಕದಲಬಾರದು. ಬಲ್ಲವರು ಇದನ್ನೇ 'ರಿಫ್ಯಾಕ್ಟರಿಂಗ್' ಎನ್ನುತ್ತಾರೆ.

ರಾಯಣ್ಣನ ಗುಟ್ಟೂ ಹೊರಬಿತ್ತು. ಉಳಿದೆಡೆ 'ರೆಡ್' ಎಂದು ಬರೆದ ಹುಡುಗ, ಅಲ್ಲಿ ಮಾತ್ರ ಬಣ್ಣದ ಸಂಕೇತಸಂಖ್ಯೆ ಬರೆದಿದ್ದ.