ರೂಮ್ ಟೆಂಪರೇಚರ್ ಯಾರ ಮನೆಯದು?

ಯೂಟ್ಯೂಬಿನಲ್ಲಿ ಕೇಕ್ ಕಲಿಸುವವರು ಯಾರೇ ಆಗಲಿ, ಒಂದು ಮಾತನ್ನು ತಪ್ಪದೇ ಹೇಳುತ್ತಾರೆ: ‘ಈಗ ಇದನ್ನು ರೂಮ್ ಟೆಂಪರೇಚರ್‌ನಲ್ಲಿ ಬಿಡಿ.’ ಶಹಾಪುರದ ನಮ್ಮ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಹಾಗೆ ಬಿಟ್ಟರೆ ಚಾಕೊಲೆಟ್ ಹೂವು ತಟ್ಟೆ ತುಂಬ ಸಾರಾಗುತ್ತದೆ. ಹೊರಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಸುತ್ತುತ್ತದೆ. ಕರೆಂಟ್ ಇದ್ದರೆ ಆ ಮಾತು!

ನಮ್ಮ ಅಕ್ಕ ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಶಿಕ್ಷಕರ ನೇಮಕಾತಿಗೆ ಓದುತ್ತಿದ್ದಾಳೆ. ಅದರ ನಡುವೆ ಮನೆಯಲ್ಲೇ ಕೇಕ್ ಮಾಡಿ ಕೊಡುತ್ತಾಳೆ. ಬೇಕರಿ ಕೇಕಿಗಿಂತ ನಾಲ್ಕು ದುಡ್ಡು ಹೆಚ್ಚು ಸಿಗಬೇಕಾದರೆ ಮೇಲಿನ ಅಲಂಕಾರ ಬೇರೆಯಾಗಿರಬೇಕು. ಅದಕ್ಕೇ ಈ ಹೂವುಗಳ ಉಸಾಬರಿ. ಈ ವರ್ಷ ಸುರಪುರದಿಂದ ಒಂದು ಆರ್ಡರ್ ಬಂತು. ಮಗುವಿನ ಮೊದಲ ಹುಟ್ಟುಹಬ್ಬ, ಕೇಕಿನ ಮೇಲೆ ಏಳು ಗುಲಾಬಿ. ಅಕ್ಕ ದುಬಾರಿಯ ಒಳ್ಳೆ ಚಾಕೊಲೆಟ್ಟನ್ನೇ ತಂದು, ಎರಡು ದಿನ ಕೂತು ಹೂವು ಮಾಡಿ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಮಧ್ಯಾಹ್ನದ ಬಸ್ಸಿಗೆ ಅಪ್ಪನ ಕೈಯಲ್ಲಿ ಕಳಿಸಿದಳು. ಸುರಪುರ ಮುಟ್ಟುವ ಹೊತ್ತಿಗೆ ಏಳು ಗುಲಾಬಿ ಸೇರಿ ಒಂದು ಕಂದು ಮುದ್ದೆ. ಅವರು ಬೈಯಲಿಲ್ಲ, ಅರ್ಧ ದುಡ್ಡು ಕೊಟ್ಟರು. ಆ ರಾತ್ರಿ ಅಕ್ಕ ಉಣ್ಣಲಿಲ್ಲ.

ರಜೆಗೆ ಊರಿಗೆ ಬಂದ ನನ್ನ ಮುಂದೆ ಅವಳು ಇಟ್ಟ ಪ್ರಶ್ನೆ ಇಷ್ಟೇ: “ತಮ್ಮಾ, ನೀ ಇಂಜಿನಿಯರಿಂಗ್ ಓದ್ಲಿಕತ್ತಿ. ಇದ್ಯಾಕ ಹಿಂಗಾಯ್ತು ಹೇಳು.”

ಉತ್ತರ ಕಷ್ಟದ್ದಲ್ಲ. ಚಾಕೊಲೆಟ್ಟಿನ ಗಟ್ಟಿತನಕ್ಕೆ ಕಾರಣ ಅದರಲ್ಲಿರುವ ಕೋಕೋ ಬೆಣ್ಣೆ. ಅದು ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮ ಮೈಯ ಬಿಸಿ 37. ಹಾಗಾಗಿಯೇ ಬಾಯಿಗಿಟ್ಟರೆ ಕರಗುತ್ತದೆ. ಅಂದಮೇಲೆ 40 ಡಿಗ್ರಿಯ ಬಸ್ಸಿನಲ್ಲಿ ಅದು ನಿಲ್ಲುವುದುಂಟೆ? ಅಕ್ಕನ ಕೈಯಲ್ಲಿ ತಪ್ಪಿರಲಿಲ್ಲ. ಆ ವಿಡಿಯೊ ಮಾಡಿದವರ ಕೋಣೆ ಬಹುಶಃ 20-22 ಡಿಗ್ರಿಯದ್ದು, ಅಷ್ಟೆ.

ನಾನು ಓದುತ್ತಿರುವುದು ಸಿವಿಲ್. ಕಾಂಕ್ರೀಟಿಗೂ ಇದೇ ಗೋಳು. ಲ್ಯಾಬಿನಲ್ಲಿ ಕಾಂಕ್ರೀಟ್ ಕ್ಯೂಬುಗಳನ್ನು 27 ಡಿಗ್ರಿ ಆಸುಪಾಸಿನ ನೀರಿನಲ್ಲಿ ಇಡುತ್ತೇವೆ, ಸೈಟಿನಲ್ಲಿ ಬೆಂಕಿಯಂಥ ಬಿಸಿಲು. ಆದರೆ ನಮ್ಮ ದೇಶದ ಇಂಜಿನಿಯರುಗಳು ಅದಕ್ಕೆ ‘ನಿಮ್ಮ ಊರೇ ಸರಿಯಿಲ್ಲ’ ಅನ್ನಲಿಲ್ಲ. 40 ಡಿಗ್ರಿ ದಾಟಿದ ಕಡೆ ಕಾಂಕ್ರೀಟ್ ಹೇಗೆ ಹಾಕಬೇಕು ಎಂದು ಐಎಸ್ 7861 ಅಂತ ಬೇರೆ ಸಂಹಿತೆಯನ್ನೇ ಬರೆದರು. ಜಲ್ಲಿಯನ್ನು ನೆರಳಿನಲ್ಲಿಡಿ, ನೀರು ಚಿಮುಕಿಸಿ, ಕಲಸುವ ನೀರಿಗೆ ಬದಲು ಒಂದಷ್ಟು ಮಂಜುಗಡ್ಡೆ ಹಾಕಿ, ಸಂಜೆ ಅಥವಾ ರಾತ್ರಿ ಕೆಲಸ ಮಾಡಿ. ಪರೀಕ್ಷೆಗೆ ಉರು ಹೊಡೆದಿದ್ದ ಈ ಸಾಲುಗಳು ಅಡುಗೆಮನೆಯಲ್ಲಿ ಹೀಗೆ ನೆನಪಾಗುತ್ತವೆ ಎಂದುಕೊಂಡಿರಲಿಲ್ಲ.

ಮೊದಲು ಚಾಕೊಲೆಟ್ ಬದಲಾಯಿಸಿದೆವು. ಅಂಗಡಿಯಲ್ಲಿ ‘ಕಾಂಪೌಂಡ್’ ಎಂದು ಸಿಗುತ್ತದಲ್ಲ, ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ರುಚಿಯಲ್ಲಿ ಒಂದು ಕೈ ಕಡಿಮೆಯೇ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಸೆಖೆಗೆ ಸ್ವಲ್ಪ ಹೆಚ್ಚು ತಡೆಯುತ್ತದೆ, ಬೆಲೆಯೂ ಕಡಿಮೆ. 200 ಗ್ರಾಂ ಬಿಳಿ ಕಾಂಪೌಂಡನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಉಗುರುಬೆಚ್ಚಗಿನ ಲಿಕ್ವಿಡ್ ಗ್ಲೂಕೋಸ್ 50-60 ಗ್ರಾಂ ಬೆರೆಸಬೇಕು. ಒಂದು ಹನಿ ನೀರು ಬಿದ್ದರೂ ಕರಗಿದ ಚಾಕೊಲೆಟ್ ಗಂಟುಗಟ್ಟಿ ಹಾಳಾಗುತ್ತದೆ. ಮೊದಲ ಸಲ ನನ್ನ ಹಣೆಯ ಬೆವರೇ ಬಿತ್ತು.

ಎರಡನೇ ಸಲ ನಾನು ಹುರುಪಿನಲ್ಲಿ ಕಲಸಿದ್ದೇ ಕಲಸಿದ್ದು, ಎಣ್ಣೆ ಬಿಟ್ಟು ನೀರಾಯಿತು. ಅವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. “ಇದೇನು ಜೋಳದ ಹಿಟ್ಟ? ಹಂಗ್ಯಾಕ ನಾದತಿ? ಕೂಡಿತಂದ್ರ ಬಿಟ್ಟುಬಿಡು” ಅಂದಳು. ಮೂರನೇ ಸಲ ಅವ್ವ ಸಾಕೆಂದಾಗ ನಿಲ್ಲಿಸಿದೆವು. ಮುದ್ದೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿಯಿಡೀ ಬಿಟ್ಟು, ನಸುಕಿನ ನಾಲ್ಕಕ್ಕೆ ಎದ್ದೆವು. ಆಗ ಮನೆ ತಣ್ಣಗಿರುತ್ತದೆ. ಬೆರಳಿಗೆ ಕಾರ್ನ್‌ಫ್ಲೋರ್ ಸವರಿಕೊಂಡು, ಪುಟಾಣಿ ಉಂಡೆಗಳನ್ನು ಎರಡು ಹಾಳೆಗಳ ನಡುವೆ ಒತ್ತಿ ತೆಳ್ಳಗೆ ಎಸಳು ಮಾಡುವುದು. ನಡುವೆ ಮೊಗ್ಗಿನಂಥ ಗೋಪುರ, ಅದರ ಸುತ್ತ ಮೂರು ಎಸಳು, ಅದರಾಚೆ ಐದು. ಅಂಚು ಮಾತ್ರ ತೆಳುವಾಗಿರಬೇಕು, ಬುಡ ದಪ್ಪ ಇರಲಿ. ಇಲ್ಲದಿದ್ದರೆ ತಲೆ ಬಾಗಿಸುತ್ತದೆ. ಒಬ್ಬರ ಕೈ ಬಿಸಿಯಾದಾಗ ಇನ್ನೊಬ್ಬರು. ಅಕ್ಕನ ಹೂವು ಗುಲಾಬಿಯಂತೆಯೇ ಇದ್ದವು, ನನ್ನವು ಎಲೆಕೋಸಿನಂತೆ.

ಸಾಗಿಸುವುದಕ್ಕೆ ಸ್ಟೀಲ್ ಡಬ್ಬಿಯ ಹೊರಗೆ ಒದ್ದೆ ಬಟ್ಟೆ ಸುತ್ತಿದೆವು. ಇಲ್ಲಿ ನಮ್ಮ ಊರಿನ ಒಣ ಬಿಸಿಲೇ ನಮ್ಮ ಕಡೆಗಿದೆ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗಿ ಡಬ್ಬಿ ತಂಪಾಗುತ್ತದೆ. ಮಂಗಳೂರಿನ ತೇವದ ಸೆಖೆಯಲ್ಲಿ ಈ ಉಪಾಯ ಇಷ್ಟು ಚೆನ್ನಾಗಿ ನಡೆಯದು. ನಮ್ಮ ಅಜ್ಜಿ ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದೂ ಇದಕ್ಕೇ. ಅಂದಹಾಗೆ ಚಾಕೊಲೆಟ್ ಎಂದರೆ ಫಾರಿನ್ ವಸ್ತು ಎಂದು ನನ್ನ ರೂಮ್‌ಮೇಟ್ ವಾದಿಸುತ್ತಾನೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಾರೆ, ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕೊಲೆಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಅವನಿಗಾಗಿ ಇಲ್ಲಿ ಬರೆದಿದ್ದೇನೆ.

ನನ್ನ ತಕರಾರು ಯೂಟ್ಯೂಬಿನವರ ಮೇಲಲ್ಲ. ಅವರು ತಮ್ಮ ಕೋಣೆಯ ಸತ್ಯ ಹೇಳಿದ್ದಾರೆ. ನಮ್ಮ ಕೋಣೆಯ ಸತ್ಯವನ್ನು ನಾವು ಬರೆದಿಟ್ಟುಕೊಂಡಿಲ್ಲ. ನಾವು ಲ್ಯಾಬಿನಲ್ಲೂ ಮಾಡುವುದು ಅದನ್ನೇ ಅಲ್ಲವೇ? ಸೀನಿಯರ್ ರೆಕಾರ್ಡ್ ಪಕ್ಕಕ್ಕಿಟ್ಟುಕೊಂಡು ಅದರ ರೀಡಿಂಗನ್ನೇ ಇಳಿಸಿ, ಉತ್ತರ ಬಂತೆಂದು ಸಹಿ ಹಾಕಿಸುತ್ತೇವೆ. ನಾನೂ ಮಾಡಿದ್ದೇನೆ. ಚಾಕೊಲೆಟ್ ಮಾತ್ರ ಆ ರೀಡಿಂಗನ್ನು ಒಪ್ಪಲಿಲ್ಲ.

ಇನ್ನೊಂದು ಮಾತು ಕೆಲಸ ಹುಡುಕುತ್ತಿರುವವರಿಗೂ, ಅವರ ಮನೆಯವರಿಗೂ. ಮನೆಗೆ ಬಂದವರು “ಮಗಳು ಏನ್ ಮಾಡ್ತಾಳ?” ಎಂದರೆ ಅಪ್ಪ “ಖಾಲಿ ಕುಂತಾಳ್ರಿ, ಓದ್ಲಿಕತ್ತಾಳ” ಎನ್ನುತ್ತಿದ್ದರು. ನನ್ನ ಬಗ್ಗೆಯೂ ಒಬ್ಬ ಸಂಬಂಧಿಕರು “ಇಂಜಿನಿಯರ್ ಆಗೋ ಹುಡುಗ ಅಡಗಿ ಮನ್ಯಾಗ ಹೂವ ಮಾಡ್ಲಿಕತ್ತಾನ” ಎಂದು ನಕ್ಕರು. 371(ಜೆ) ಮೀಸಲಾತಿ ನಮ್ಮ ಭಾಗಕ್ಕೆ ಇದೆ, ನಿಜ. ಆದರೆ ಅಧಿಸೂಚನೆ ಬರುವ ತನಕ, ಬಂದು ಪಟ್ಟಿ ಆಗುವ ತನಕ, ಹೊಟ್ಟೆಯೂ ಮನಸ್ಸೂ ಕಾಯಬೇಕಲ್ಲ? ಕಳೆದ ಸೆಮಿಸ್ಟರಿನ ನನ್ನ ಪರೀಕ್ಷಾ ಶುಲ್ಕ ಕಟ್ಟಿದ್ದು ಆ ‘ಖಾಲಿ ಕೂತ’ ಕೈಯೇ. ಕೇಕ್ ಮಾಡಿದರೆ ಓದು ಕೆಡುತ್ತದೆ ಎನ್ನುವವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆರ್ಡರ್ ಇದ್ದ ವಾರ ಅವಳ ಓದು ಹಿಂದೆ ಬೀಳುತ್ತದೆ. ಆದರೆ ಏನೂ ಮಾಡದೇ ಫಲಿತಾಂಶಕ್ಕೆ ಕಾದ ವರ್ಷದಲ್ಲಿ ಅವಳ ಓದು ಇದಕ್ಕಿಂತಲೂ ಹಿಂದೆ ಬಿದ್ದಿದ್ದನ್ನು ನಾನು ಕಂಡಿದ್ದೇನೆ.

ಸುರಪುರದ ಅದೇ ಮನೆಯವರಿಗೆ ಅಕ್ಕ ಏಳು ಹೂವು ಮತ್ತೆ ಮಾಡಿ, ದುಡ್ಡು ಬೇಡವೆಂದು ಬೆಳಗಿನ ಮೊದಲ ಬಸ್ಸಿಗೆ ಕಳಿಸಿದಳು. ಡಬ್ಬಿ ಹಿಡಿದು ಹೋದವನು ನಾನೇ. ಒಂದರ ಹೊರ ಎಸಳು ಬಾಗಿತ್ತು, ಆರು ನೆಟ್ಟಗಿದ್ದವು. ಈಗ ಅವಳ ಟಿಇಟಿ ನೋಟ್ಸಿನ ಹಿಂದಿನ ಪುಟಗಳಲ್ಲಿ ತಾರೀಖು, ಹೊತ್ತು, ಮನೆಯೊಳಗಿನ ಡಿಗ್ರಿ, ಗ್ಲೂಕೋಸಿನ ಗ್ರಾಂ, ಎಷ್ಟು ಹೂವು ಉಳಿದವು ಎಂಬ ಲೆಕ್ಕವಿದೆ. ಮೇ ತಿಂಗಳ ಸಾಲು ಇನ್ನೂ ಖಾಲಿ. ರಾಯಚೂರು, ಕಲಬುರಗಿ ಕಡೆ ಯಾರಾದರೂ ಮೇನಲ್ಲಿ ಮಾಡಿ ನೋಡಿದ್ದರೆ ಬರೆಯಿರಿ, ಅಕ್ಕನಿಗೆ 18ನೇ ತಾರೀಖಿಗೆ ಹನ್ನೊಂದು ಹೂವಿನ ಆರ್ಡರ್ ಇದೆ.